ನರ್ಸ್ ಕೈಗೆ ನೂರ ಹತ್ತು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಕ್ರೇನ್ ಚಾಲಕ, ಅವನ ಅಕ್ಕ ಕೂತಿದ್ದರು.

“ಬಿಪಿ ಎಷ್ಟು ಬಂತೋ?”

“ನೂರ ತೊಂಬತ್ತು. ಮಿಷನ್ ಕೆಟ್ಟಿದೆ ಅಂದೆ. ನರ್ಸ್ ತನ್ನ ಕೈಗೇ ಕಟ್ಕೊಂಡು ತೋರಿಸಿದ್ಲು. ನೂರ ಹತ್ತು.”

“ಖಿನ್ನತೆಗೆ ಮಾತ್ರೆ ತಗೋತಿರೋದು ಹೇಳಿದ್ಯಾ?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಡೋಸ್ ಜಾಸ್ತಿ ಮಾಡಿದ್ಮೇಲೇ ತಾನೆ ನಿಂಗೆ ತಲೆ ಸಿಡಿಯೋಕೆ ಶುರುವಾಗಿದ್ದು?”

“ಹೇಳಿದ್ರೆ ಫಿಟ್ ಇಲ್ಲ ಅಂತ ಬರೀತಾರೆ, ಕಂಪನೀಲಿ ಕ್ರೇನ್ ಹತ್ತೋಕೇ ಬಿಡಲ್ಲ. ಅದಕ್ಕೇ ನಿನ್ನೆಯಿಂದ ಮಾತ್ರೆ ನಿಲ್ಲಿಸಿಬಿಟ್ಟೆ.”

“ಯಾರನ್ನ ಕೇಳಿ ನಿಲ್ಲಿಸಿದೆ? ಹೋದ ವರ್ಷ ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ ನೀನು. ಮಗೂಗೆ ಉಣಿಸೋ ಹಾಗೆ ಉಣಿಸಿದೀನಿ.”

“ಅಕ್ಕಾ, ಮೆಲ್ಲಗೆ. ಪಕ್ಕದಲ್ಲಿ ಜನ ಇದಾರೆ.”

ನಾನು ಪತ್ರಿಕೆಯ ಹಾಳೆ ತಿರುವಿದೆ.

“ಇರಲಿ ಬಿಡೋ. ಮನಸ್ಸೂ ನೆಟ್ಟಗಿರಬೇಕು, ಬಿಪಿನೂ ಇಳೀಬೇಕು. ಮಾತ್ರೆ ಬದಲಾಯಿಸ್ತಾರೋ, ಏನ್ಮಾಡ್ತಾರೋ, ಅದು ಡಾಕ್ಟರ್ ಕೆಲಸ. ಬಾಯಿ ಬಿಡೋದಷ್ಟೇ ನಿಂದು.”

ಒಳಗಿನಿಂದ ಅವನ ನಂಬರ್ ಕೂಗಿದರು. ಅವನು ಎದ್ದು, ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತ.

“ನೀನೂ ಬಾ ಅಕ್ಕಾ. ಉಣಿಸಿದ್ದು ಮಾತ್ರ ಹೇಳಬೇಡ.”

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.