ಸಾಹುಕಾರ ಮಾರಿದ ನಲವತ್ತು ಪಿಸ್ತೂಲು

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಪಾಪ, ಕೆಟ್ಟವನೇನಲ್ಲ. ಏಕಾದಶಿಗೆ ಉಪವಾಸ ಮಾಡುತ್ತಿದ್ದ, ನಿಮ್ಮ ಹಾಗೆಯೇ. ಉಪವಾಸದ ದಿನ ಎರಡು ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ, ಅದೂ ನಿಮ್ಮ ಹಾಗೆಯೇ.

ಆ ರಾಜ್ಯದ ಸೈನ್ಯಕ್ಕೆ ಹೊಸ ಪಿಸ್ತೂಲುಗಳು ಬಂದವು. ಹಳೆಯವನ್ನು ಏನು ಮಾಡುವುದು? ಹರಾಜಿಗಿಟ್ಟರು. ಸಾಹುಕಾರ ಪರವಾನಗಿ ಮಾಡಿಸಿ ನಲವತ್ತು ಪಿಸ್ತೂಲು ತಂದ. ತಂದದ್ದೇನೋ ಆಯಿತು, ಕೊಳ್ಳುವವರು ಯಾರು? ಆ ಊರಿನಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿಯೇ ಇರಲಿಲ್ಲ!

ನೋಡಿ, ಅವನು ಎಂಥ ಬುದ್ಧಿವಂತ! ಮೊದಲು ಹೆದರಿಕೆ ಮಾರಿದ. ಪಕ್ಕದ ಮನೆಗೆ ಹೋಗಿ, "ಮೇಷ್ಟ್ರೇ, ಕಾಲ ಕೆಟ್ಟೋಗೈತೆ. ಗುರುತಿನ ದನಿ ಅಂತ ಬಾಗ್ಲು ತೆಗೀಬೇಡಿ. ಎದುರು ಮನೆಯೋನು ಆಗ್ಲೇ ಒಂದು ತಗೊಂಡ. ಯಾಕೆ ಅಂತ ನಾನ್ ಕೇಳಕ್ಕೋಗ್ಲಿಲ್ಲ," ಎಂದ. ಅಷ್ಟೇ! ಮೇಷ್ಟ್ರು ಕೊಂಡರು. ಎದುರು ಮನೆಯವನಿಗೆ ಮೇಷ್ಟ್ರ ಹೆಸರು ಹೇಳಿದ. ಅವನೂ ಕೊಂಡ. ಬೆಳಿಗ್ಗೆ ಹೇಳಿದ ಸುಳ್ಳು ಸಂಜೆಗೆ ನಿಜವಾಯಿತು. ತಿಂಗಳೊಳಗೆ ನಲವತ್ತೂ ಖಾಲಿ. ಊರಿನ ಬಾಗಿಲುಗಳೆಲ್ಲ ಬಂದ್.

ಒಂದು ಮಧ್ಯಾಹ್ನ ಸಾಹುಕಾರನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. "ಓಡಿ, ನರ್ಸಮ್ಮನ್ನ ಕರ್ಕೊಂಡ್ ಬನ್ನಿ!" ಎಂದು ಹೆಂಡತಿ ಕೂಗಿದಳು. ನರ್ಸಮ್ಮ ಎಂದರೆ ಮೇಷ್ಟ್ರ ಹೆಂಡತಿ. ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಆಕೆಯದು. ಸಾಹುಕಾರ ಓಡಿದ. ಬಾಗಿಲು ಬಡಿದ. ಬಾಗಿಲು ತೆರೆಯಲಿಲ್ಲ, ಕಿಟಕಿಯಲ್ಲಿ ಪಿಸ್ತೂಲು ಕಾಣಿಸಿತು.

"ಯಾರು?"

"ನಾನು ಮೇಷ್ಟ್ರೇ, ಸಾಹುಕಾರ!"

"ಗುರುತಿನ ದನಿ ನಂಬಬೇಡಿ ಅಂದೋರು ನೀವೇ ಅಲ್ವಾ?"

ಹಿಂದಿನಿಂದ ಮಗಳ ಚೀರಾಟ, ಮುಂದೆ ಪಿಸ್ತೂಲು. ನಲವತ್ತು ಮನೆಗೆ ತಾನು ಕೊಟ್ಟದ್ದೇನು ಎಂಬುದು ಸಾಹುಕಾರನಿಗೆ ಆಗ ತಿಳಿಯಿತು. ಕೈ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದ.

"ಸುಳ್ಳು ಹೇಳ್ದೆ ಮೇಷ್ಟ್ರೇ! ಎದುರು ಮನೆಯೋನು ಆಗಿನ್ನೂ ತಗೊಂಡಿರ್ಲಿಲ್ಲ. ಯಾವ ಕಳ್ಳನೂ ಬಂದಿರ್ಲಿಲ್ಲ. ಮಗಳು ಒದ್ದಾಡ್ತಾವ್ಳೆ, ಅಮ್ಮಾರ್ನ ಕಳ್ಸಿಕೊಡಿ."

ನರ್ಸಮ್ಮ ಗಂಡನನ್ನು ಪಕ್ಕಕ್ಕೆ ತಳ್ಳಿದಳು. "ಅದನ್ನ ಕೆಳಗಿಡ್ರೀ! ಹುಟ್ಟೋ ಕೂಸು ನಿಮ್ಮ ಜಗಳ ಮುಗೀಲಿ ಅಂತ ಕಾಯುತ್ತಾ?" ಎಂದವಳೇ ಬರಿಗಾಲಲ್ಲಿ ಓಡಿದಳು. ಸಂಜೆಗೆ ಮೊಮ್ಮಗಳು ಹುಟ್ಟಿದಳು.

ಮರುದಿನ ಸಾಹುಕಾರ ಮನೆ ಮನೆಗೆ ಹೋಗಿ ತನ್ನ ಸುಳ್ಳನ್ನು ತಾನೇ ಒಪ್ಪಿಕೊಂಡ. ಮೂವತ್ತೊಂದು ಪಿಸ್ತೂಲು ವಾಪಸು ಬಂದವು. ಉಳಿದ ಒಂಬತ್ತು ಮನೆಯವರು ಕೊಡಲಿಲ್ಲ. ಅವರಿಗೆ ಈಗ ಸಾಹುಕಾರನ ಮೇಲೂ ಅನುಮಾನ!

"ನಾವು ಪಿಸ್ತೂಲು ಮಾರಿಲ್ಲ ಸ್ವಾಮಿ," ಎನ್ನುತ್ತೀರಿ. ಹೌದೇ? "ಆ ಬೀದಿಯವರ ಸಹವಾಸ ಬೇಡ" ಎಂದು ಸೊಸೆಗೆ ಹೇಳಿದ್ದು ಯಾರು? ಫೋನಿಗೆ ಬಂದ ಹೆದರಿಕೆಯ ಸುದ್ದಿಯನ್ನು ನಿಜವೋ ಸುಳ್ಳೋ ನೋಡದೆ ಹತ್ತು ಜನಕ್ಕೆ ಕಳಿಸಿದ್ದು ಯಾರು? ಇಲ್ಲೇ ಮೂರನೇ ಸಾಲಿನಲ್ಲಿ ಕೂತ ಒಬ್ಬರು ಈಗಲೂ ಕಳಿಸುತ್ತಿದ್ದಾರೆ. ಇರಲಿ, ಮುಗಿಸಿಕೊಳ್ಳಲಿ.

ಕಣ್ಣಾರೆ ಕಾಣದ ಕೆಡುಕನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ. ಇವತ್ತು ಮನೆಗೆ ಹೋದಮೇಲೆ, ನೀವು ಮಾತು ಬಿಟ್ಟ ಮನೆಗೆ ಒಂದು ಬಟ್ಟಲು ಹಿಡಿದು ಹೋಗಿ. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿ. ನಿಮ್ಮ ಮನೆಯಲ್ಲಿ ಮೊಸರಿದ್ದರೂ ಕೇಳಿ.