ಎಲೆನಾಗೆ ಸಿಗದ ಕುರ್ಚಿ

ರಾಜ ಅಂದ್ರೆ ನಿಜವಾದ ರಾಜನೇ ಕಣ್ರೋ, ರಾಜ್ಯ ಮಾತ್ರ ಇರ್ಲಿಲ್ಲ ಅಷ್ಟೆ. ಅವರಪ್ಪ ಯೂರೋಪಿನ ಒಂದು ಪುಟ್ಟ ದೇಶದ ದೊರೆ, ಎರಡನೇ ಮಹಾಯುದ್ಧ ಮುಗೀತಿದ್ದ ಹಾಗೇ ಜನ ಓಡಿಸಿಬಿಟ್ರು, ಇವರು ಆಗಿನ್ನೂ ಕೈಕೂಸು. ಅಲ್ಲಿ ಇಲ್ಲಿ ಬೆಳೆದು, ಡಾಲಸ್‌ಗೆ ಬಂದು, ವರ್ಷಾನುಗಟ್ಲೆ ಇನ್ಶೂರೆನ್ಸ್ ಮಾರಿದ್ರು, ಆದ್ರೂ ದೇಶದ ಜನ ವಾಪಸ್ ನಾಳೆ ಕರೀತಾರೆ, ನಾಡಿದ್ದು ಕರೀತಾರೆ ಅಂತ ಕಾಯ್ತಾನೇ ಇದ್ರು, ಎಪ್ಪತ್ತು ದಾಟಿದ್ರೂ. ಆಗ ನಿಮ್ಮಪ್ಪಂಗೆ ಕೆಲಸ ಹೋಗಿತ್ತು, ನೀವಿಬ್ರೂ ಇಷ್ಟಿಷ್ಟೇ ಇದ್ರಿ, ಮೈಸೂರಲ್ಲಿ ಕಾಲೇಜಿಗೆ ಹಿಸ್ಟರಿ ಪಾಠ ಮಾಡಿದ ನಿಮ್ಮಜ್ಜಿ ನಾನು ಡಾಲಸ್ ಪಕ್ಕದ ಈ ಮರ್ಫಿ ಊರಿಂದ ದಿನಾ ಅವರ ಮನೆಗೆ ಕೆಲಸಕ್ಕೆ ಹೋಗ್ತಿದ್ದೆ. ಏನ್ ಕೆಲಸ ಅಂದ್ರೆ, ಪೆಟ್ಟಿಗೆ ತುಂಬ ಹಳೇ ಫೋಟೋ, ಯಾರು, ಯಾವಾಗ, ಎಲ್ಲಿ ಅಂತ ಹಿಂದುಗಡೆ ಬರ್ದು ಜೋಡಿಸೋದು. ನನ್ನ ಅಚ್ಚುಕಟ್ಟು ಗೊತ್ತಲ್ಲ ನಿಮಗೆ. ಮೊದಲ್ನೇ ದಿನಾನೇ, ನನ್ನನ್ನ ಯುವರ್ ಮೆಜೆಸ್ಟಿ ಅನ್ಬೇಕು ಅಂದ್ರು. ನಮ್ಮ ಪ್ರಿನ್ಸಿಪಾಲ್‌ಗೇ ನಾನು ಸರ್ ಅಂದಿರೋದು, ನಿಮಗೂ ಅಷ್ಟೇ ಅಂದೆ. ಎರಡು ದಿನ, ಅಲ್ಲ, ಒಂದು ವಾರಾನೇ ಮುಖ ಊದಿಸ್ಕೊಂಡಿದ್ರು.

ಅವರಿಗೆ ಒಬ್ಬ ಮಗ, ಹ್ಯೂಸ್ಟನ್ನಲ್ಲಿ, ನಾನು ಕಣ್ಣಲ್ಲಿ ನೋಡ್ಲೇ ಇಲ್ಲ. ಮಗಳು ಎಲೆನಾ, ಪ್ರತಿ ಶನಿವಾರ ಫ್ಲೂಗರ್‌ವಿಲ್ಲಿಂದ ಮೂರು ಗಂಟೆ ಡ್ರೈವ್ ಮಾಡ್ಕೊಂಡು ಬಂದು ಅಪ್ಪಂಗೆ ತಲೆಗೆ ನೀರು ಹಾಕಿ, ಉಗುರು ಕತ್ತರಿಸಿ, ವಾರಕ್ಕಾಗೋ ಅಡುಗೆ ಮಾಡಿಟ್ಟು ಹೋಗೋಳು. ಫೋಟೋದಲ್ಲಿ ನೋಡಿದ್ರೆ ಮಗ ಮುಂದೆ ಕೂತಿರ್ತಾನೆ, ಇವಳು ಹಿಂದೆ ನಿಂತಿರ್ತಾಳೆ, ಎಲ್ಲಾದ್ರಲ್ಲೂ. ಸರ್, ವಂಶವೃಕ್ಷದಲ್ಲಿ ಇವಳ ಹೆಸರು ಎಲ್ಲಿ ಬರೀಲಿ ಅಂದ್ರೆ, ಬೇಡ, ನಮ್ಮಲ್ಲಿ ಹೆಣ್ಣು ಪಟ್ಟಕ್ಕೆ ಬರಲ್ಲ ಅಂದ್ರು. ಪಟ್ಟ ಎಲ್ಲಿದೆ ಅಂತ ನಾಲಿಗೆ ತುದಿಗೆ ಬಂತು, ನುಂಗ್ಕೊಂಡೆ, ಸಂಬಳ ಬೇಕಿತ್ತಲ್ಲ. ಎಲೆನಾ ಪಾಪ ಪಟ್ಟ ಕೇಳ್ಲಿಲ್ಲ. ಜನರ ಮುಂದೆ ಒಂದು ಸಲ ಅಪ್ಪ ಪಕ್ಕದಲ್ಲಿ ಕೂರಿಸ್ಕೊಂಡ್ರೆ ಸಾಕು ಪದ್ಮಾ, ಅಂತ ನನ್ನ ಹತ್ರ ಅಂದಿದ್ಲು ಅಡುಗೆಮನೇಲಿ.

ರಾಜರ ಹುಟ್ಟಿದ ಹಬ್ಬ ಬಂತು. ಅವರ ದೇಶದ ಮುದುಕ ಮುದುಕೀರು ಕೋಟಿಗೆ ಪದಕ ಚುಚ್ಕೊಂಡು ಬಂದು ಕೂತ್ರು. ರಾಜರ ಬಲಗಡೆ ಯುವರಾಜಂಗೆ ಅಂತ ಕುರ್ಚಿ. ಯುವರಾಜ ಫೋನ್ ಮಾಡಿ, ಬರಕ್ಕಾಗಲ್ಲ ಅಂದ. ಕುರ್ಚಿ ಖಾಲಿ, ಇವಳು ಸೂಪ್ ಬಡಿಸ್ತಾ ನಿಂತೇ ಇದಾಳೆ. ನಂಗೆ ತಡೀಲಿಲ್ಲ ಕಣ್ರೋ. ತವರಿಗೆ ಬಂದ ಹೆಣ್ಣುಮಗಳನ್ನ ನಿಲ್ಲಿಸ್ತಾರಾ ಯಾರಾದ್ರೂ? ಕೈ ಹಿಡಿದು ಕರ್ಕೊಂಡು ಬಂದು ಆ ಕುರ್ಚಿ ಮೇಲೆ ಕೂರಿಸಿ, ಬ್ಯಾಗಲ್ಲಿದ್ದ ಕುಂಕುಮ ತೆಗೆದು ಹಣೆಗಿಟ್ಟೆ. ನಮಗೆ ಅದು ಅರಿಶಿನ ಕುಂಕುಮ, ಅವರು ಅದನ್ನ ಪಟ್ಟಾಭಿಷೇಕ ಅಂದ್ಕೊಂಡ್ರು! ಒಬ್ಬ ಅಜ್ಜಿ ಮಂಡಿ ಬಗ್ಗಿಸಿ ನಮಸ್ಕಾರಾನೇ ಮಾಡಿಬಿಟ್ಲು, ಪದಕದ ಮುದುಕ ಒಬ್ಬ ದಡಕ್ಕಂತ ಎದ್ದು ಹೊರಗೆ ಹೋದ. ರಾಜರ ಮುಖ ಕೆಂಪಗಾಯ್ತು.

"ಏಳು. ಅದು ನಿನ್ನ ಜಾಗ ಅಲ್ಲ."

ಎದ್ಲು. ಏಪ್ರನ್ ಬಿಚ್ಚಿ, ಮಡಿಸಿ, ಆ ಕುರ್ಚಿ ಮೇಲೇ ಇಟ್ಲು.

"ಹಾಗಾದ್ರೆ ನನ್ನ ಜಾಗ ಯಾವುದು, ಪಪ್ಪ?"

ಇವಳು ಕಾರ್ ಹತ್ತಿ ಹೋದೋಳು ಮತ್ತೆ ಆ ಕಡೆ ಬರ್ಲಿಲ್ಲ, ಕುಂಕುಮ ಸಹ ಒರಸ್ಕೊಳ್ದೆ ಹೋದ್ಲು. ನಂಗೂ ಮಾರನೇ ದಿನ ಬರ್ಬೇಡಿ ಅಂತ ಫೋನ್ ಬಂತು. ಮಗ ಬಂದು ನೋಡ್ಕೊಂಡ್ನಾ? ಎಲ್ಲೋ ಒಂದು ವೃದ್ಧಾಶ್ರಮಕ್ಕೆ ಸೇರಿಸ್ದ. ಈಗ್ಲೂ ನೆನೆಸ್ಕೊಂಡ್ರೆ ಮೈ ಉರಿಯತ್ತೆ. ಬಡಿಸೋರನ್ನ ನಿಲ್ಲಿಸಿ ತಾನು ಕೂತ್ಕೊಂಡೋನು ರಾಜನಾದ್ರೆ ಏನ್ ಬಂತು? ಸಾಕು, ಏಳಿ, ಒಳಗೆ ನಿಮ್ಮಮ್ಮ ಒಬ್ಳೇ ತಟ್ಟೆ ಹಾಕ್ತಿದಾಳೆ, ಹೋಗಿ ಮೊದಲು ಅವಳನ್ನ ಕೂರಿಸಿ.