ಒಣಗೋವರೆಗೆ

...ಅಯ್ಯೋ, ಚರಂಡಿ ಅಲ್ಲ ಕಣೋ! ಅದೊಂದೇ ಗೊತ್ತು ನಿನಗೆ. ನರ್ಸಮ್ಮ ಡ್ರೈನ್ ಅಂದಿದ್ದು ಈ ಟ್ಯೂಬಿಗೆ. ನಿನ್ನ ಹೊಟ್ಟೆಯಿಂದ ಈ ಚೀಲಕ್ಕೆ ಬಂದಿದೆಯಲ್ಲ, ಇದಕ್ಕೆ. ಯಾಕೋ ನಗ್ತೀಯ? ನಗಬೇಡ, ಹೊಲಿಗೆ ಎಳೆಯುತ್ತೆ. ಸ್ವಂತ ಅಕ್ಕನ ಕ್ಲಾಸಲ್ಲೇ ಇಂಗ್ಲಿಷಲ್ಲಿ ಫೇಲಾದ ಮಹಾನುಭಾವ ನೀನು! ಸ್ಟಾಫ್‌ರೂಮಲ್ಲಿ ತಲೆ ಎತ್ತೋ ಹಾಗಿರಲಿಲ್ಲ ನಾನು.

ಸರಿ, ಕೇಳು. ಬೀದಿ ಮೋರಿಗೂ ಡ್ರೈನ್ ಅಂತಾರೆ. ಬೇಯಿಸಿದ ತರಕಾರಿ ನೀರು ಬಸಿಯೋದಕ್ಕೂ ಅಂತಾರೆ. ಮನುಷ್ಯ ಸುಸ್ತಾಗಿ ಹಿಂಡಿಹೋದರೂ ಅದೇ ಪದ. ಆ ವರಾಂಡದ ಬೆಂಚಿನ ಮೇಲೆ ಮಲಗಿದೋರಿಗೆ ಅದರರ್ಥ ತಾನಾಗೇ ತಿಳಿಯುತ್ತೆ, ಡಿಕ್ಷನರಿ ಬೇಡ. ಆದರೆ ಅದರ ಬೇರು ಇದೆಯಲ್ಲ, ಬಹಳ ಹಳೇದು. ಮೊದಲು ಸೋಸೋದು ಅಂತ ಅರ್ಥವಿತ್ತಂತೆ. ಒಣಗಿದ್ದಕ್ಕೆ ಡ್ರೈ ಅಂತೀವಲ್ಲ, ಅದಕ್ಕೂ ಇದಕ್ಕೂ ನಂಟು. ಅಂದ್ರೆ ಏನು? ಸೋರೋದೆಲ್ಲ ಸೋರಿ, ಕೊನೆಗೆ ಒಣಗೋದು. ಗೊತ್ತಾಯ್ತಾ? ಒಣಗಿದ ತಕ್ಷಣ ಇದನ್ನ ಕಿತ್ತು ಬಿಸಾಕ್ತಾರೆ. ಆಮೇಲೆ ನಿನ್ನ ಉಳಿ, ನಿನ್ನ ಸುತ್ತಿಗೆ, ತಲೆ ತುಂಬ ಮರದ ಹೊಟ್ಟು...

ಹೌದಪ್ಪಾ, ಇವತ್ತೇ ಮನೆಗೆ. ಟ್ಯೂಬಾ? ಅದು... ನಾಡಿದ್ದು ಬಂದು ತೆಗೆಸಿದರಾಯ್ತು. ಡಾಕ್ಟರೇ ಅಂದ್ರು. ಹಾಗೆ ನೋಡಬೇಡ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದೆ, ಅಷ್ಟೇ. ಹೊರಗೆ ಎಂಥಾ ಸೊಳ್ಳೆ ಅಂತೀಯ!

ಏನು, ಶರ್ಟಾ? ತಾಳು, ನಾನು ಕೊಡ್ತೀನಿ. ಆ ಬ್ಯಾಗಿಗೆ ಕೈ ಹಾಕಬೇಡ... ಏ, ಬೇಡ ಅಂದೆನಲ್ಲ!

ಅದಾ? ಅದು... ಹೊಸ ಚೀಲ, ಬದಲಿಸೋದಕ್ಕೆ. ಇರಲಿ ಅಂತ ನರ್ಸಮ್ಮ ಒಂದು ಕೊಟ್ಟರು. ಒಂದೇ... ಹ್ಞೂಂ, ಅದೂ ಒಂದು. ಇನ್ನೂ ಯಾಕೋ ತೆಗೀತೀಯ? ಸಾಕು. ತಳದವರೆಗೂ ಅದೇ ಇರೋದು. ಬಿಡೋ, ಸಾಕು...

ನಗು ಬೇಕಾದ್ರೆ. ಇನ್ನೊಂದ್ಸಲ ಚರಂಡಿ ಅನ್ನು, ನಾನು ಬೈತೀನಿ...

ಹೇಗೆ ಬದಲಿಸೋದು ಅಂತ ನಿನ್ನೆ ನನಗೆ ಹೇಳಿಕೊಟ್ಟರು. ಕಲಿತೆ ಕಣೋ, ಹೇಗೋ ಕಲಿತೆ. ಇದು... ಒಣಗಲ್ಲವಂತೆ. ನೀನಿರೋವರೆಗೆ ಇರುತ್ತಂತೆ.

ಯಾಕೋ ಹಾಗೆ ಒಂದೊಂದಾಗಿ ಮತ್ತೆ ಒಳಗೆ ಜೋಡಿಸ್ತಿದ್ದೀಯ? ಕೊಡು, ನಾನಿಡ್ತೀನಿ. ಕೊಡೋ...

ಕೈ ಎತ್ತು. ಶರ್ಟ್ ಹಾಕ್ತೀನಿ. ಕೆಳಗಿನ ಗುಂಡಿ ಬೇಡ, ಟ್ಯೂಬಿಗೆ ಜಾಗ ಬಿಡೋಣ.